ಬರೀ ‘ಡೇಟ್’ ಮತ್ತು ‘ಸೆಲ್ಫ್ ಡಾಟ್ ಡೇಟ್’

ಕೈಗೆ ಬಂದದ್ದು 2010ರ ಸುಮಾರಿನ ಒಂದು ಐಫೋನ್ ಆ್ಯಪ್‌ನ ಕೋಡ್. ಬರೆದವರು ಕೆಲಸ ಬಿಟ್ಟು ಹೋಗಿದ್ದರು. ಭಾಷೆ ಆಬ್ಜೆಕ್ಟಿವ್-ಸಿ, ಅದೂ ಎಆರ್‌ಸಿ (ಮೆಮೊರಿಯ ಲೆಕ್ಕವನ್ನು ಕಂಪೈಲರ್‌ಗೇ ಬಿಡುವ ವ್ಯವಸ್ಥೆ) ಬರುವ ಮುಂಚಿನದು. ಮೆಮೊರಿಯಲ್ಲಿ ಒಂದು ವಸ್ತುವನ್ನು ಹಿಡಿದಿಟ್ಟುಕೊಳ್ಳುವ ರಿಟೇನ್, ಬಿಟ್ಟುಕೊಡುವ ರಿಲೀಸ್ ಎಲ್ಲ ಕೈಯಾರೆ ಮಾಡಬೇಕು. ದೂರು ಇಷ್ಟೇ: ದಿನಾಂಕ ಆರಿಸಿ ಆಮೇಲೆ ಪಟ್ಟಿ ಮುಟ್ಟಿದರೆ ಆ್ಯಪ್ ಕ್ರ್ಯಾಶ್. ಅದೂ ಕೆಲವೊಮ್ಮೆ ಮಾತ್ರ.

ಕ್ಲಾಸಿನಲ್ಲಿ ಏನೇನಿದೆ ಎಂದು ಸಾರುವ ಹೆಡರ್ ಫೈಲಿನಲ್ಲಿ ‘ಡೇಟ್’ ಎರಡು ಸಲ ಇತ್ತು. ಮೇಲೆ ಇನ್‌ಸ್ಟೆನ್ಸ್ ವೇರಿಯಬಲ್ (ಆಬ್ಜೆಕ್ಟಿನ ಒಳಗಿನ ವೇರಿಯಬಲ್) ಆಗಿ, ಕೆಳಗೆ ರಿಟೇನ್ ಪ್ರಾಪರ್ಟಿಯಾಗಿ, ಅಂದರೆ ಆ ವೇರಿಯಬಲ್ಲನ್ನು ಮೆಥಡ್‌ಗಳ ಮೂಲಕ ಓದಿ ಬರೆಯುವ ದಾರಿಯಾಗಿ. ಆ ಮೆಥಡ್‌ಗಳನ್ನು ಕಂಪೈಲರ್‌ನಿಂದ ಬರೆಸುವ ಸಿಂಥಸೈಜ್ ಸಾಲು ಎರಡನ್ನೂ ಜೋಡಿಸಿತ್ತು. ಆಗ ಎಲ್ಲರೂ ಹೀಗೇ ಬರೆಯುತ್ತಿದ್ದರು, ತಪ್ಪೇನಲ್ಲ. ತೊಂದರೆ ಇದ್ದದ್ದು ಬಳಕೆಯಲ್ಲಿ. ಕೆಲವು ಕಡೆ ‘ಸೆಲ್ಫ್ ಡಾಟ್ ಡೇಟ್’, ಕೆಲವು ಕಡೆ ಬರೀ ‘ಡೇಟ್’. ಮೊದಲನೆಯದಕ್ಕೆ ಬೆಲೆ (ವ್ಯಾಲ್ಯೂ) ಕೊಟ್ಟರೆ ಸೆಟ್ಟರ್, ಅಂದರೆ ಬೆಲೆ ಬರೆಯುವ ಮೆಥಡ್, ಓಡುತ್ತದೆ. ಹಳೆಯದನ್ನು ರಿಲೀಸ್ ಮಾಡಿ ಹೊಸದನ್ನು ರಿಟೇನ್ ಮಾಡುತ್ತದೆ. ಎರಡನೆಯದು ಪಾಯಿಂಟರನ್ನು (ಮೆಮೊರಿಯ ವಿಳಾಸವನ್ನು) ಸುಮ್ನೆ ಬದಲಿಸುತ್ತದೆ, ಅಷ್ಟೇ. ಆಟೋರಿಲೀಸ್ ಆಗಿ (ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ರಿಲೀಸ್ ಆಗುವಂತೆ) ಬಂದ ದಿನಾಂಕವನ್ನು ಯಾರೂ ರಿಟೇನ್ ಮಾಡದಿದ್ದರೆ, ಪಟ್ಟಿ ಮುಟ್ಟುವಷ್ಟರಲ್ಲಿ ಅದು ಮೆಮೊರಿಯಿಂದ ಹೋಗಿರಬಹುದು. ಪಾಯಿಂಟರ್ ಇನ್ನೂ ಆ ಜಾಗವನ್ನೇ ತೋರಿಸುತ್ತಿರುತ್ತದೆ. ಅದನ್ನು ಬಳಸಲು ಹೋದಾಗ ಕ್ರ್ಯಾಶ್.

ಇಂಥ ಸಾಲುಗಳನ್ನು ಕಣ್ಣಲ್ಲಿ ಹುಡುಕುವುದು ಕಷ್ಟ. ಬರೀ ‘ಡೇಟ್’ ಅಂದರೆ ಲೋಕಲ್ ವೇರಿಯಬಲ್ಲೂ ಇರಬಹುದು, ಮೆಥಡ್‌ಗೆ ಬಂದ ಆರ್ಗ್ಯುಮೆಂಟೂ ಇರಬಹುದು. ಅದಕ್ಕೇ ಕೆಲಸವನ್ನು ಕಂಪೈಲರ್‌ಗೆ ಒಪ್ಪಿಸಿದೆ. ಹೆಡರ್‌ನ ವೇರಿಯಬಲ್ ಅಳಿಸಿ, ಸಿಂಥಸೈಜ್ ಸಾಲಿನಲ್ಲಿ ಹೆಸರಿನ ಆರಂಭದಲ್ಲೇ ಅಂಡರ್‌ಸ್ಕೋರ್ (_) ಇರುವ ಹೊಸ ವೇರಿಯಬಲ್ ಕೊಟ್ಟೆ. (ಹಳೆಯದನ್ನು ಅಳಿಸಲೇಬೇಕು. ಬಿಟ್ಟರೆ ಎರಡು ಬೇರೆ ವೇರಿಯಬಲ್‌ಗಳಾಗಿ, ಒಂದಕ್ಕೆ ಬರೆದು ಇನ್ನೊಂದನ್ನು ಓದುವ ಪಜೀತಿ.) ಬಿಲ್ಡ್ ಮಾಡಿದ ಕೂಡಲೇ ಎರರ್‌ಗಳು ಸಾಲುಗಟ್ಟಿದವು. ಸೆಲ್ಫ್ ಇಲ್ಲದೆ ನೇರ ವೇರಿಯಬಲ್ ಮುಟ್ಟುವ ಸಾಲುಗಳೆಲ್ಲ ಅಲ್ಲಿದ್ದವು. ಈ ಉಪಾಯ ನನಗೆ ಬಹಳ ಇಷ್ಟ.

ಹಾಗಂತ ಎಲ್ಲದಕ್ಕೂ ಸೆಲ್ಫ್ ಹಚ್ಚುವಂತಿಲ್ಲ, ಅಲ್ವಾ? ಆಬ್ಜೆಕ್ಟ್ ಹುಟ್ಟುವಾಗ ಓಡುವ ಇನಿಟ್ ಮತ್ತು ಅಳಿಯುವಾಗ ಓಡುವ ಡಿಅಲಾಕ್ ಒಳಗೆ ಅಂಡರ್‌ಸ್ಕೋರ್ ಹೆಸರನ್ನೇ ಇಟ್ಟೆ. ಆಬ್ಜೆಕ್ಟ್ ಇನ್ನೂ ಪೂರ್ತಿಯಾಗದ, ಇಲ್ಲವೇ ಅಳಿಯುತ್ತಿರುವ ಹೊತ್ತಲ್ಲಿ ಸಬ್‌ಕ್ಲಾಸಿನ (ಇದರಿಂದ ಹುಟ್ಟಿದ ಮರಿ ಕ್ಲಾಸಿನ) ಸೆಟ್ಟರ್ ಓಡುವುದು ಅಪಾಯ. ಇನ್ನೊಂದು ಕಡೆ ಹಿಂದಿನವರು ಬರೀ ಹೆಸರಿಗೆ ಬೆಲೆ ಕೊಟ್ಟು, ರಿಟೇನನ್ನು ತಾವೇ ಬರೆದಿದ್ದರು. ಅಲ್ಲಿ ಸೆಲ್ಫ್ ಸೇರಿಸಿದ್ದರೆ ಎರಡು ಸಲ ರಿಟೇನ್ ಆಗಿ ಮೆಮೊರಿ ಲೀಕ್ ಆಗುತ್ತಿತ್ತು. ಕ್ರ್ಯಾಶ್ ಮಾಡಿಸುತ್ತಿದ್ದ ಸಾಲು ಸಿಕ್ಕಿದ್ದು ದಿನಾಂಕ ಆರಿಸಿದಾಗ ಓಡುವ ಮೆಥಡ್‌ನಲ್ಲಿ. ಅಲ್ಲಿ ರಿಟೇನ್ ಇರಲಿಲ್ಲ, ಸೆಲ್ಫ್ ಕೂಡ ಇರಲಿಲ್ಲ.

2012ರಲ್ಲಿ ಬಂದ ಎಕ್ಸ್‌ಕೋಡ್ (ಐಫೋನ್ ಆ್ಯಪ್ ಬರೆಯುವ ಆಪಲ್‌ನ ಸಾಫ್ಟ್‌ವೇರ್) 4.4ರಿಂದ ಸಿಂಥಸೈಜ್ ಬರೆಯುವುದೇ ಬೇಡ. ಅಂಡರ್‌ಸ್ಕೋರ್ ಹೆಸರಿನ ವೇರಿಯಬಲ್ ತಾನಾಗಿಯೇ ಹುಟ್ಟುತ್ತದೆ. ಈ ಕೋಡ್ ಬರೆದವರಿಗೆ ಆ ಅನುಕೂಲ ಇರಲಿಲ್ಲ. ಉಳಿದ ಕ್ಲಾಸ್‌ಗಳನ್ನೂ ಹೀಗೇ ಒಂದೊಂದಾಗಿ ಬದಲಿಸಿದೆ. ಪ್ರತಿ ಕ್ಲಾಸಿಗೂ ಬೇರೆ ಕಮಿಟ್, ಅಂದರೆ ಬದಲಾವಣೆಯ ಬೇರೆ ದಾಖಲೆ.