ಅರವತ್ತು ದಾಟಿದ ಮೇಲೆ ಕಲಿತದ್ದು ನಿಲ್ಲುತ್ತದೆಯೇ?

ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು ನಾನು. ನಿವೃತ್ತನಾದ ಮೇಲೆ ಹಳಗನ್ನಡ ಶಾಸನ ಓದುವುದನ್ನು ಕಲಿಯುತ್ತಿದ್ದೇನೆ. ಮದುವೆ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ, ಹಳೆಯ ಸಹೋದ್ಯೋಗಿಗಳು ಎಲ್ಲಿ ಸಿಕ್ಕರೂ ಕೇಳುವುದು ಒಂದೇ ಮಾತು: “ಈ ವಯಸ್ಸಿನಲ್ಲಿ ಕಲಿತದ್ದು ತಲೆಯಲ್ಲಿ ನಿಲ್ಲುತ್ತದೆಯೇ?”

ನಿಲ್ಲುತ್ತದೆ. ನಿಲ್ಲಿಸುವುದು ನನ್ನ ತಪ್ಪುಗಳು.

ಇನ್ನೂರು ಪುಟದ ನೋಟ್‌ಬುಕ್ ಒಂದಿದೆ. ಗೊತ್ತಿಲ್ಲದ ಪದ ಬಂದರೆ ನನಗೆ ತೋಚಿದ ಅರ್ಥವನ್ನು ಎಡಪುಟದಲ್ಲಿ ಪೆನ್ಸಿಲಿನಿಂದ ಬರೆಯುತ್ತೇನೆ. ನಿಘಂಟು ತೆರೆಯುವುದು ಆಮೇಲೆ. ಅಲ್ಲಿ ಸಿಕ್ಕಿದ್ದು ಬಲಪುಟಕ್ಕೆ. ಎಡಪುಟದ್ದು ಎಷ್ಟೇ ತಪ್ಪಾಗಿರಲಿ, ಅಳಿಸುವುದಿಲ್ಲ.

ಕ್ರಿ.ಶ. 949–50ರ ಆತಕೂರು ಶಾಸನವನ್ನೇ ನೋಡಿ. ಮಂಡ್ಯ ಜಿಲ್ಲೆಯ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೆರ ಎಂಬ ವೀರ ತನ್ನ ಒಡೆಯನಾದ ಗಂಗರ ಬೂತುಗನಲ್ಲಿ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದ ಕಾಲದ ಬಗ್ಗೆ ನನಗೆ ಬಹಳ ಅಕ್ಕರೆ. ಅದೇ ಶಾಸನದಲ್ಲಿ ಮಣಲೆರನಿಗೆ ‘ಬಾಳ್ಗಚ್ಚು’ ಕೊಟ್ಟ ಮಾತು ಬರುತ್ತದೆ. ಎಡಪುಟದಲ್ಲಿ ನಾನು ಬರೆದದ್ದು: ‘ಬಾಳಿಗೆ ಆಧಾರವಾಗಿ ಕೊಟ್ಟ ಭೂಮಿ’. ಭೂಮಿ ಎಂಬುದು ಸರಿ, ಬಾಳು ತಪ್ಪು. ಇಲ್ಲಿ ಬಾಳ್ ಎಂದರೆ ಕತ್ತಿ; ‘ಗಚ್ಚು’ ಎಂಬುದರ ಮೂಲ ಕರ್ಚು, ಎಂದರೆ ತೊಳೆ. ಅದು ವೀರನ ಕತ್ತಿ ತೊಳೆದು ಕೊಡುವ ಕೊಡುಗೆ! ಬದುಕು ಎಂಬ ಅರ್ಥದ ಪದ ‘ಬಾೞ್’. ಆ ೞಕಾರ ಮುಂದೆ ಕನ್ನಡದಿಂದ ಮರೆಯಾಯಿತು, ಬದುಕೂ ಕತ್ತಿಯೂ ನಮ್ಮ ಕಿವಿಗೆ ಒಂದೇ ಆದವು. ನೇರವಾಗಿ ನಿಘಂಟು ನೋಡಿದ್ದರೆ ವಾರದೊಳಗೆ ಮರೆಯುತ್ತಿದ್ದೆ. ಮೊದಲು ಎಡವಿದ್ದರಿಂದ ಅದು ಇನ್ನು ಜನ್ಮಕ್ಕೆ ಮರೆಯುವುದಿಲ್ಲ.

ಈ ಅಭ್ಯಾಸದ ಬೇರು ಹಳೆಯದು. ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಸಂದೇಹಗಳಿಗೆ ಉತ್ತರಿಸುತ್ತಿದ್ದ ದಿನಗಳಲ್ಲಿ, ಶಿಕ್ಷಕರ ಕೊಠಡಿಯಲ್ಲಿ ಪತ್ರಿಕೆ ಹಿಡಿದು ಪ್ರಶ್ನೆ ಓದುತ್ತಿದ್ದೆ. ಉತ್ತರದ ಮೇಲೆ ಅಂಗೈ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂರುತ್ತಿದ್ದೆ. ಅವರು 107 ವರ್ಷ ಬದುಕಿದರು. ಅವರನ್ನು ನೆನೆದಾಗ ಅರವತ್ತು ದೊಡ್ಡ ವಯಸ್ಸೆಂದು ನನಗೆ ಅನ್ನಿಸುವುದೇ ಇಲ್ಲ.

ಇನ್ನೊಂದು ಅಭ್ಯಾಸ ತಾನಾಗಿ ಬಂದದ್ದು. ನಮ್ಮೂರ ಈಶ್ವರ ಗುಡಿಯ ಹಿಂದೆ ಒಂದು ವೀರಗಲ್ಲಿದೆ. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ನಡುವಿನ ಪಟ್ಟಿಗಳಲ್ಲಿ ಬರಹ. ನಡುಮಧ್ಯಾಹ್ನ ನೋಡಿದರೆ ಬರೀ ಕಲ್ಲು. ಸಂಜೆ ಐದರ ಓರೆ ಬಿಸಿಲಿಗೆ ಗೀರುಗಳೊಳಗೆ ನೆರಳು ತುಂಬಿ ಅಕ್ಷರಗಳು ಒಂದೊಂದಾಗಿ ಮೇಲೇಳುತ್ತವೆ. ಹಾಗೆ ‘ತುಱು’ ಎಂಬುದನ್ನು ಬಿಡಿಸಿಕೊಂಡು ಹಿಗ್ಗುತ್ತಿದ್ದಾಗ, ಅಂಗಳ ಗುಡಿಸುವ ಅಮ್ಮ ಪೊರಕೆ ಹಿಡಿದೇ ಬಂದು ನಿಂತರು.

“ಏನು ಬರೆದಿದೆ ಮೇಷ್ಟರೇ?”

“ತುಱುಗೊಳ್ ಅಂತ, ಗೋಗ್ರಹಣ…”

ಅವರ ಮುಖ ನೋಡಿ ಮಾತು ನಿಲ್ಲಿಸಿದೆ. ಮತ್ತೆ ಹೇಳಿದೆ: “ಊರಿನ ದನ ಹೊಡೆದುಕೊಂಡು ಹೋಗುತ್ತಿದ್ದವರ ಮೇಲೆ ಬಿದ್ದು ಸತ್ತವನು.”

“ಅವನ ಹೆಂಡತಿ ಮಕ್ಕಳಿಗೆ ಏನು ಕೊಟ್ಟರು?”

ಅದು ನನಗೆ ಹೊಳೆದೇ ಇರಲಿಲ್ಲ. ಅಂದಿನಿಂದ ಓದಿದ್ದನ್ನೆಲ್ಲ ಅವರಿಗೆ ಹೇಳುತ್ತೇನೆ. ಅವರಿಗೆ ಅರ್ಥವಾಗುವಂತೆ ಹೇಳಲು ಬಾರದಿದ್ದರೆ ನನಗೇ ಅರ್ಥವಾಗಿಲ್ಲ ಎಂದು ಲೆಕ್ಕ.

ಕಲ್ಲಿನ ಕೊನೆಯ ಸಾಲು ಮಣ್ಣಿನಲ್ಲಿ ಹೂತಿದೆ. ಸುತ್ತಲಿನ ಮಣ್ಣು ಸರಿಸಲು ಗುಡಿಯವರು ಒಪ್ಪಿದ್ದಾರೆ. ಎಡಪುಟದಲ್ಲಿ ಈಗಾಗಲೇ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ: ‘ಬಾಳ್ಗಚ್ಚು?’ ಬಲಪುಟ ಇನ್ನೂ ಖಾಲಿ ಇದೆ.