ಅಣ್ಣ ಕುಡಿತ ಬಿಟ್ಟ ಮೂರನೇ ರಾತ್ರಿ

"ಇನ್ನು ಮುಟ್ಟಲ್ಲ" ಎಂದು ಅಣ್ಣ ಹೇಳಿದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಆದರೆ ಆ ಸಲ ಅವನು ನಿಜವಾಗಿಯೂ ಮುಟ್ಟಲಿಲ್ಲ. ವರ್ಷಗಟ್ಟಲೆ ಬೆಳಗ್ಗೆ ಎದ್ದ ಕೂಡಲೇ ಒಂದು ಗುಟುಕು ಬೇಕೇ ಬೇಕು ಎನ್ನುತ್ತಿದ್ದವನು, ಇಡೀ ದಿನ ಬರೀ ನೀರು ಕುಡಿದುಕೊಂಡು ಕೂತ. ಅಮ್ಮನಿಗಂತೂ ಖುಷಿಯೋ ಖುಷಿ.

ಮರುದಿನ ಕೈ ನಡುಗತೊಡಗಿತು. ಲೋಟ ಹಿಡಿದರೆ ಅರ್ಧ ನೀರು ಅಂಗಿ ಮೇಲೆ. ಬೆವರು, ವಾಂತಿ, ನಿದ್ದೆ ಇಲ್ಲ. "ಒಳಗಿರೋ ವಿಷ ಹೊರಗೆ ಹೋಗ್ತಿದೆ, ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಆಯ್ತು" ಎಂದರು ನೆಂಟರೊಬ್ಬರು. ಈ ಮಾತು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅಣ್ಣನ ಮನಸ್ಸು ಗಟ್ಟಿಯಾಗೇ ಇತ್ತು. ತಾಳದೆ ಹೋದದ್ದು ಮಿದುಳು.

ಮೂರನೇ ರಾತ್ರಿ ಅವನು ಗೋಡೆ ಮೇಲಿನ ಇರುವೆಗಳನ್ನು ಒರೆಸಿ ಒರೆಸಿ ತೆಗೆಯುತ್ತಿದ್ದ. ಗೋಡೆ ಮೇಲೆ ಒಂದು ಇರುವೆಯೂ ಇರಲಿಲ್ಲ. ನನ್ನನ್ನು ಆಫೀಸಿನ ಯಾರೋ ಅಂದುಕೊಂಡು "ಫೈಲ್ ಎಲ್ಲಿ?" ಎಂದು ರೇಗಿದ. ಆಮೇಲೆ ತೀರಿಹೋದ ಅಪ್ಪನ ಜೊತೆ ಸುಮಾರು ಹೊತ್ತು ಮಾತಾಡಿದ, ನಡುನಡುವೆ ನಗುತ್ತಾ. ಮೈ ಕೆಂಡದಂತೆ ಸುಡುತ್ತಿತ್ತು. "ಒಂದು ಪೆಗ್ ಕೊಟ್ಟುಬಿಡೋಣವಾ?" ಎಂದರು ಅತ್ತಿಗೆ. ಕುಡಿತಕ್ಕೆ ಅವರಷ್ಟು ಶಾಪ ಹಾಕಿದವರು ಇನ್ನೊಬ್ಬರಿಲ್ಲ. ನಾವು ಅವನನ್ನು ಹಿಡಿದುಕೊಂಡು ಆಸ್ಪತ್ರೆಗೆ ಓಡಿದೆವು.

ಡಾಕ್ಟರ್ ಮೊದಲು ಕೇಳಿದ್ದು, "ಕೊನೇ ಸಲ ಕುಡಿದದ್ದು ಯಾವಾಗ?" ಉತ್ತರ ಕೇಳುತ್ತಲೇ ಅವರಿಗೆ ಅಂದಾಜಾಯಿತು: ಡೆಲಿರಿಯಂ ಟ್ರೆಮೆನ್ಸ್, ಅಂದರೆ ಕುಡಿತ ಒಮ್ಮೆಲೇ ನಿಂತಾಗ ಬರುವ ನಡುಕ, ಭ್ರಮೆ, ಗೊಂದಲ. ಕುಡಿತ ನಿಂತ 48ರಿಂದ 96 ಗಂಟೆಗಳ ನಡುವೆ ಇದು ಸಾಮಾನ್ಯವಾಗಿ ಶುರುವಾಗುತ್ತದಂತೆ. ಫಿಟ್ಸ್ ಅದಕ್ಕೂ ಮೊದಲೇ ಬರಬಹುದು. ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ಅದನ್ನು ಸರಿದೂಗಿಸಲು ಮಿದುಳು ವರ್ಷಗಟ್ಟಲೆ ಜಾಸ್ತಿ ಚುರುಕಾಗೇ ಇರುವುದನ್ನು ಕಲಿತಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ಚುರುಕಿಗೆ ತಡೆಯೇ ಇರುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ದಿನಾ ಜಾಸ್ತಿ ಕುಡಿಯುವವರು ಬಿಡುವಾಗಲೂ ಡಾಕ್ಟರನ್ನು ಕೇಳಿಯೇ ಬಿಡಬೇಕು ಎನ್ನುವುದನ್ನು ನಮಗೆ ಯಾರೂ ಹೇಳಿರಲಿಲ್ಲ.

ಮಿದುಳನ್ನು ಶಾಂತ ಮಾಡುವ ಲೋರಾಜೆಪಾಮ್ ಇಂಜೆಕ್ಷನ್ ಕೊಟ್ಟರು. ಗ್ಲೂಕೋಸ್ ಹಾಕುವ ಮೊದಲು ಥಯಾಮಿನ್, ಅಂದರೆ ವಿಟಮಿನ್ ಬಿ1, ಏರಿಸಿದರು. ತುಂಬಾ ಕುಡಿಯುವವರ ಮೈಯಲ್ಲಿ ಅದು ಬರಿದಾಗಿರುತ್ತದೆ, ಕೊಡದಿದ್ದರೆ ಮಿದುಳಿಗೆ ಶಾಶ್ವತ ಹಾನಿ ಆಗಬಹುದು ಎಂದು ನರ್ಸ್ ಹೇಳಿದರು. ಕೆಲವು ದಿನಗಳಲ್ಲಿ ಅಣ್ಣ ನಮ್ಮನ್ನೆಲ್ಲ ಗುರುತು ಹಿಡಿದ. ಆ ರಾತ್ರಿಯದು ಅವನಿಗೆ ಹೆಚ್ಚೇನೂ ನೆನಪಿರಲಿಲ್ಲ.

ಡಿಸ್ಚಾರ್ಜ್ ದಿನ ಅದೇ ನೆಂಟರು ಬಂದು, "ಊಟದಲ್ಲಿ ಗೊತ್ತಾಗದ ಹಾಗೆ ಬೆರೆಸೋ ಮಾತ್ರೆ ಬರುತ್ತಂತಲ್ಲ?" ಎಂದರು. ಡಾಕ್ಟರ್ ಗರಂ ಆದರು. ಆ ಮಾತ್ರೆ, ಅಂದರೆ ಡೈಸಲ್ಫಿರಾಮ್, ತಿಂದಿರುವುದು ಗೊತ್ತಿಲ್ಲದೆ ಮದ್ಯ ಕುಡಿದರೆ ಬಿಪಿ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು ಎಂದು ಬಿಡಿಸಿ ಹೇಳಿದರು.

"ಆಸೆ ಕಡಿಮೆ ಮಾಡೋ ಔಷಧಿ ಏನಾದ್ರೂ ಇದೆಯಾ ಸಾರ್?" ಎಂದು ಅಣ್ಣನೇ ಕೇಳಿದ. ನಾಲ್ಟ್ರೆಕ್ಸೋನ್ ಇದೆ, ಲಿವರ್ ರಿಪೋರ್ಟ್ ನೋಡಿ ಹೇಳುತ್ತೇನೆ ಎಂದರು ಡಾಕ್ಟರ್. ಮುಂದಿನ ಭೇಟಿಯ ದಿನವನ್ನು ಅಣ್ಣ ತನ್ನ ಫೋನಿನಲ್ಲಿ ತಾನೇ ಬರೆದುಕೊಂಡ.