ನಾಲ್ಕು ಗಂಟೆಯ ನೀಲಿ ಗೆರೆ

ಗಂಗಾವತಿಯ ನಮ್ಮ ರೈಸ್ ಮಿಲ್ಲಿನಲ್ಲಿ ಸಂಜೆ ನಾಲ್ಕಕ್ಕೆ ಲಾರಿಗಳು ಹೊರಡಬೇಕು. ಸೋನಾ ಮಸೂರಿಯ 25 ಕಿಲೋ ಚೀಲಗಳನ್ನು ಹಮಾಲರು ಏರಿಸಿ, ತಾಡಪತ್ರಿ ಬಿಗಿದಾಗಿರುತ್ತದೆ. ಸರಕು ಸಾಗಿಸಲು ಆನ್‌ಲೈನಿನಲ್ಲಿ ಪಡೆಯಬೇಕಾದ ಇ-ವೇ ಬಿಲ್ ಮಾತ್ರ ಬಂದಿರುವುದಿಲ್ಲ. ಅದರ ವೆಬ್ ಪುಟ ತೆರೆಯುವುದೇ ಇಲ್ಲ. ಐದೂವರೆ ದಾಟಿದರೆ ಎಲ್ಲವೂ ಸರಾಗ.

ಬಿಲ್ ಬರೆಯುವ ಹುಡುಗ ವಿಡಿಯೊ ನೋಡುತ್ತಾನೆಂದು ಚಾಲಕರ ಎದುರಿಗೇ ರೇಗಿದ್ದೆ. ಅವನು ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟು, "ಅಣ್ಣ, ವೈಫೈ ಆನ್ ಮಾಡಿಯೇ ಇಲ್ಲ, ನೀವೇ ನೋಡಿರಿ" ಎಂದ. ನಾನು ನಂಬಲಿಲ್ಲ.

ಆ ಭಾನುವಾರ ಬ್ರಾಡ್‌ಬ್ಯಾಂಡ್ ರೂಟರಿನ ಪುಟ ತೆರೆದು, ಅದರ ಲೆಕ್ಕವನ್ನು ಬೇರೆ ಕಂಪ್ಯೂಟರಿಗೆ ತಿಳಿಸುವ ಎಸ್‌ಎನ್‌ಎಂಪಿ ಆನ್ ಮಾಡಿದೆ. ಯಾರು ಏನು ನೋಡಿದರೆಂದು ಇದು ಹೇಳುವುದಿಲ್ಲ. ಯಾವ ಪೋರ್ಟಿನಲ್ಲಿ ಎಷ್ಟು ಬೈಟ್ ಬಂತು, ಎಷ್ಟು ಹೋಯಿತು ಎಂದಷ್ಟೇ ಲೆಕ್ಕ ಕೊಡುತ್ತದೆ. ನನಗೆ ಬೇಕಿದ್ದುದೂ ಅಷ್ಟೇ. ಆದರೆ ಇದನ್ನು ಆನ್ ಮಾಡಿ ಹಾಗೆಯೇ ಬಿಡಬಾರದು. ಕಮ್ಯುನಿಟಿ ಸ್ಟ್ರಿಂಗ್ ಎಂಬ ಗುಟ್ಟಿನ ಪದ ಸಾಮಾನ್ಯವಾಗಿ 'ಪಬ್ಲಿಕ್' ಎಂದೇ ಇರುತ್ತದೆ, ಅದು ಊರಿಗೆಲ್ಲ ಗೊತ್ತು. ಅದನ್ನು ಬದಲಿಸಿದೆ. ಓದಲು ಮಾತ್ರ ಅನುಮತಿ ಕೊಟ್ಟೆ, ಅದೂ ಕಚೇರಿಯ ಒಂದೇ ಕಂಪ್ಯೂಟರಿಗೆ. ಇಂಟರ್ನೆಟ್ ಕಡೆಯಿಂದ ಇದರ ಬಾಗಿಲನ್ನು, ಅಂದರೆ ಯುಡಿಪಿ 161ನೇ ಪೋರ್ಟನ್ನು, ಮುಚ್ಚಿದೆ. ಎಸ್‌ಎನ್‌ಎಂಪಿಯ ಮೂರನೇ ಆವೃತ್ತಿಯಲ್ಲಿ ಗೂಢಲಿಪಿಯ ರಕ್ಷಣೆ ಇದೆ, ನಮ್ಮ ರೂಟರಿನಲ್ಲಿ ಅದಿಲ್ಲ, 2ಸಿ ಎಂಬ ಹಳೆಯ ಆವೃತ್ತಿ ಮಾತ್ರ. ಅದರಲ್ಲಿ ಆ ಪದ ತೆರೆದ ಅಂಚೆಕಾರ್ಡಿನಂತೆ ಸಾಗುತ್ತದೆ. ಹಾಗಾಗಿ ಬೇರೆಲ್ಲೂ ಬಳಸದ ಪದವನ್ನೇ ಇಟ್ಟೆ.

ಕಚೇರಿಯ ಆ ಹಳೆಯ ಕಂಪ್ಯೂಟರಿನಲ್ಲಿ ಎಂಆರ್‌ಟಿಜಿ ಎಂಬ ತಂತ್ರಾಂಶ ಹಾಕಿದೆ. ಐದು ನಿಮಿಷಕ್ಕೊಮ್ಮೆ ರೂಟರನ್ನು ಕೇಳಿ ಚಿತ್ರ ಬರೆಯುತ್ತದೆ: ಒಳಬರುವುದು ಹಸಿರು, ಹೊರಹೋಗುವುದು ನೀಲಿ.

ಸೋಮವಾರ ನಾಲ್ಕು ಗಂಟೆ ಐದು ನಿಮಿಷ. ನೀಲಿ ಗೆರೆ ಗೋಡೆಯಂತೆ ನೆಟ್ಟಗೆ ಎದ್ದಿತು. ಹಸಿರು ನೆಲ ಹಿಡಿದು ಮಲಗಿತ್ತು. ವಿಡಿಯೊ ನೋಡುವವನಿಂದ ಏರಬೇಕಾದದ್ದು ಹಸಿರು! ಇಲ್ಲಿ ಏನೋ ಹೊರಗೆ ಹೋಗುತ್ತಿತ್ತು. ಹೊರದಾರಿ ತುಂಬಿದರೆ ನಾವು ಕಳಿಸುವ ಕೋರಿಕೆಯೂ ಸರದಿಯಲ್ಲಿ ಕಾಯಬೇಕು, ಪುಟ ತೆರೆಯುವುದಾದರೂ ಹೇಗೆ?

ಒಂದೊಂದೇ ತಂತಿ ಕಿತ್ತು ಐದೈದು ನಿಮಿಷ ಕಾದೆ. ಅಕ್ಕಿಧೂಳು ಮೆತ್ತಿದ ಮೂರನೆಯ ತಂತಿಯನ್ನು ಕಿತ್ತಾಗ ನೀಲಿ ಕುಸಿಯಿತು. ಅದು ಸಿಸಿ ಕ್ಯಾಮೆರಾದ ದೃಶ್ಯ ಹಿಡಿದಿಡುವ ಪೆಟ್ಟಿಗೆ, ಡಿವಿಆರ್. ಗೋದಾಮಿನ ದಿನದ ದೃಶ್ಯಗಳನ್ನು ನಾಲ್ಕಕ್ಕೆ ಕ್ಲೌಡ್‌ಗೆ ಕಳಿಸುವಂತೆ ಅದನ್ನು ಕೂರಿಸಿದವರು ಹೊಂದಿಸಿದ್ದರು. ರಾತ್ರಿ ಒಂದಕ್ಕೆ ಬದಲಿಸಿದೆ.

ಮಂಗಳವಾರ ನಾಲ್ಕೂ ಹತ್ತಕ್ಕೆ ಮೊದಲ ಇ-ವೇ ಬಿಲ್ ಪ್ರಿಂಟರಿನಿಂದ ಬಂತು. ರೇಗಿದ್ದ ಅದೇ ಜಾಗದಲ್ಲಿ, ಚಾಲಕರ ಎದುರಿಗೇ, ಹುಡುಗನಲ್ಲಿ ಕ್ಷಮೆ ಕೇಳಿದೆ. "ಇರಲಿ ಬಿಡಿ ಅಣ್ಣ" ಎಂದವನೇ ಮುಂದಿನ ಲಾರಿಯ ನಂಬರ್ ಕೂಗಿದ.